ಆ್ಯಪ್ ಕೈಯಲ್ಲೇ ಇದ್ರೂ ಜನ ‘ಒಂದು ಒಳ್ಳೆ ಹಾಡು ಹೇಳ್ರಪ್ಪಾ’ ಅಂತ ಕೇಳೋದ್ಯಾಕೆ?

2025ರಲ್ಲಿ ಹಾಡು ಕೇಳೋರ ತಲೆ ಕೆಡಿಸಿದ ಸುದ್ದಿ ಒಂದೆರಡಲ್ಲ. ಜೂನ್‌ನಲ್ಲಿ ದಿ ವೆಲ್ವೆಟ್ ಸನ್‌ಡೌನ್ ಅನ್ನೋ, ಅಲ್ಲಿವರೆಗೂ ಯಾರೂ ಹೆಸರೇ ಕೇಳಿರದ ರಾಕ್ ಬ್ಯಾಂಡ್ ಒಂದು ಸ್ಪಾಟಿಫೈ ಅನ್ನೋ ಹಾಡಿನ ಆ್ಯಪ್‌ನಲ್ಲಿ ಕಾಣಿಸ್ಕೊಂಡು ಕೆಲವೇ ವಾರದಲ್ಲಿ ತಿಂಗಳಿಗೆ 10 ಲಕ್ಷ ಕೇಳುಗರನ್ನ ದಾಟ್ತು, ಎಪ್ಪತ್ತರ ದಶಕದ ಥರದ ಗಿಟಾರು, ಉದ್ದ ಕೂದಲಿನ ನಾಲ್ವರ ಫೋಟೊ, ಎಲ್ಲ ಸರಿಯಾಗೇ ಇತ್ತು, ಆದ್ರೆ ಆ ನಾಲ್ವರು ಭೂಮಿ ಮೇಲೆ ಇರಲೇ ಇಲ್ಲ. ಜುಲೈನಲ್ಲಿ ಬ್ಯಾಂಡಿನ ಪರಿಚಯದ ಸಾಲುಗಳೇ ಬದಲಾಗಿ, ಇದು ಎಐ ಬಳಸಿ ಮಾಡಿದ ಸಂಗೀತ ಅಂತ ಒಪ್ಕೊಂಡ್ರು. ಆಗಸ್ಟ್‌ನಲ್ಲಿ ಅದೇ ಸ್ಪಾಟಿಫೈ, ಫ್ರೆಂಡ್ಸ್ ಒಬ್ಬರಿಗೊಬ್ಬರು ಹಾಡು ಕಳಿಸ್ಕೊಂಡು ಮಾತಾಡ್ಲಿ ಅಂತ ಆ್ಯಪ್ ಒಳಗೇ ಮೆಸೇಜ್ ಸೌಲಭ್ಯ ತಂತು. ತಮಾಷೆ ಏನಂದ್ರೆ ಇಂಥದ್ದೇ ಒಂದು ಸೌಲಭ್ಯಾನ ಹೆಚ್ಚು ಜನ ಬಳಸ್ತಿಲ್ಲ ಅಂತ 2017ರಲ್ಲಿ ತೆಗೆದುಹಾಕಿದ್ದೂ ಅವರೇ.

ಹತ್ತು ವರ್ಷದಿಂದ ‘ನಿಮಗೇನಿಷ್ಟ ಅಂತ ನಿಮಗಿಂತ ಚೆನ್ನಾಗಿ ನಮಗೆ ಗೊತ್ತು’ ಅನ್ನೋ ಧಾಟಿಲಿ ಮಾತಾಡ್ತಿದ್ದ ಕಂಪನಿಗಳು ಈಗ ಯಾಕೆ ‘ನಿಮ್ಮ ಫ್ರೆಂಡನ್ನ ಕೇಳಿ’ ಅಂತಿವೆ? ಇದು ಅರ್ಥ ಆಗ್ಬೇಕು ಅಂದ್ರೆ ಹಾಡು ಹುಡುಕಿಕೊಡೋ ಯಂತ್ರ ಹೆಂಗೆ ಕೆಲಸ ಮಾಡುತ್ತೆ, ಎಲ್ಲಿ ಕೈಕೊಡುತ್ತೆ, ಅದರ ಹಿಂದಿನ ದುಡ್ಡಿನ ಲೆಕ್ಕ ಏನು, ಇಷ್ಟೂ ನೋಡ್ಬೇಕು.

ಕಿರಾಣಿ ಅಂಗಡಿಯವನ ಲೆಕ್ಕ

ಆ್ಯಪ್ ಹಾಡು ಸಜೆಸ್ಟ್ ಮಾಡೋದು ಮುಖ್ಯವಾಗಿ ಎರಡು ದಾರಿಲಿ. ಮೊದಲನೇದು ಕಿರಾಣಿ ಅಂಗಡಿಯವನ ಲೆಕ್ಕ. ಅವಲಕ್ಕಿ ತಗೊಂಡೋರು ಕಡ್ಲೆಬೀಜಾನೂ ತಗೊಳ್ತಾರೆ ಅಂತ ಅವನಿಗೆ ಗೊತ್ತು, ಒಗ್ಗರಣೆ ಅವಲಕ್ಕಿ ಹೆಂಗಿರುತ್ತೆ ಅಂತ ಗೊತ್ತಿರಬೇಕಾಗಿಲ್ಲ. ಹಂಗೇ ನೀವು ಕೇಳೋ ಹಾಡುಗಳನ್ನೇ ಕೇಳೋ ಸಾವಿರಾರು ಜನರನ್ನ ಹುಡುಕಿ, ಅವರು ಕೇಳಿರೋ ಆದ್ರೆ ನೀವು ಕೇಳಿಲ್ಲದ ಹಾಡನ್ನ ನಿಮ್ಮ ಮುಂದೆ ಇಡೋದು. 2002ರಲ್ಲಿ ಲಂಡನ್ನಿನಲ್ಲಿ ಶುರುವಾದ ಲಾಸ್ಟ್ ಎಫ್‌ಎಂ ಈ ಲೆಕ್ಕಾನ ಜನಪ್ರಿಯ ಮಾಡ್ತು. ಎರಡನೇ ದಾರಿ, ಹಾಡಿನ ಧ್ವನಿಯನ್ನೇ ಕಂಪ್ಯೂಟರ್‌ಗೆ ಕೇಳಿಸಿ ಲಯದ ವೇಗ ಎಷ್ಟು, ಕುಣಿಯೋ ಥರ ಇದ್ಯಾ, ವಾದ್ಯ ಕರೆಂಟಿನದ್ದೋ ಮರದ್ದೋ ಅಂತ ಅಂಕಿ ಹಾಕೋದು. ಇದ್ರಲ್ಲಿ ಹೆಸರು ಮಾಡಿದ್ದ ಎಕೋ ನೆಸ್ಟ್ ಅನ್ನೋ ಕಂಪನಿಯನ್ನ ಸ್ಪಾಟಿಫೈ 2014ರಲ್ಲಿ ಕೊಂಡ್ಕೊಂತು, ಮುಂದಿನ ವರ್ಷಾನೇ ಪ್ರತಿ ಸೋಮವಾರ 30 ಹಾಡು ಕೊಡೋ ಡಿಸ್ಕವರ್ ವೀಕ್ಲಿ ಬಂತು. ಸ್ಪಾಟಿಫೈ ಇಂಡಿಯಾಗೆ ಕಾಲಿಟ್ಟಿದ್ದು 2019ರಲ್ಲಿ, ಅಷ್ಟೊತ್ತಿಗೆ ಈ ಯಂತ್ರ ಚೆನ್ನಾಗಿ ಪಳಗಿತ್ತು.

ಎರಡೂ ದಾರಿ ಕೆಲಸ ಮಾಡುತ್ತೆ, ಅದ್ರಲ್ಲಿ ಅನುಮಾನ ಬೇಡ. ಕೋಟಿಗಟ್ಟಲೆ ಹಾಡಿರೋ ರಾಶಿಯೊಳಗಿಂದ ನಿಮ್ಮ ಟೇಸ್ಟಿಗೆ ಹತ್ತಿರದ್ದನ್ನ ಎತ್ತಿಕೊಡೋದು ಯಾವ ಮನುಷ್ಯನ ಕೈಲೂ ಆಗಲ್ಲ. ತೊಂದ್ರೆ ಏನಂದ್ರೆ ಕಿರಾಣಿ ಲೆಕ್ಕಕ್ಕೆ ಗಿರಾಕಿಗಳು ಬೇಕು, ಕೇಳಿದೋರು ಕಮ್ಮಿ ಇರೋ ಹಾಡಿನ ಬಗ್ಗೆ ಯಂತ್ರಕ್ಕೆ ಏನೂ ಗೊತ್ತಿರಲ್ಲ, ಗೊತ್ತಿಲ್ಲ ಅಂತ ಅದು ಯಾರಿಗೂ ತೋರ್ಸಲ್ಲ, ತೋರ್ಸಲ್ಲ ಅಂತ ಯಾರೂ ಕೇಳಲ್ಲ, ಯಾರೂ ಕೇಳಲ್ಲ ಅಂತ ಅದಕ್ಕೆ ಗೊತ್ತಾಗೋದೂ ಇಲ್ಲ. ಅದೇ ಈಗಾಗ್ಲೇ ಓಡ್ತಿರೋ ಹಾಡಿಗೆ ಇನ್ನಷ್ಟು ಓಟ. ಮಗು ಊಟ ಮಾಡ್ಲಿ ಅಂತ ಒಂದು ವಾರ ಶಿಶುಗೀತೆ ಹಾಕಿದ ಅಪ್ಪ ಅಮ್ಮಂದಿರ ಕಥೆ ಗೊತ್ತಲ್ಲ, ಆಮೇಲೆ ತಿಂಗಳಾನುಗಟ್ಟಲೆ ಆನೆ ಬಂತೊಂದಾನೆನೇ.

ಕೋಡಗನ್ನ ಕೋಳಿ ನುಂಗಿದ ಮೇಲೆ ಏನು ಕೇಳೋದು?

ಈಗ ಒಂದು ಉದಾಹರಣೆ ಹತ್ತಿರದಿಂದ ನೋಡಣ. ಒಬ್ರಿಗೆ ಶಿಶುನಾಳ ಶರೀಫರ ‘ಕೋಡಗನ್ನ ಕೋಳಿ ನುಂಗಿತ್ತ’ ಪದ ತುಂಬ ಇಷ್ಟ, ಸಿ. ಅಶ್ವತ್ಥ್ ದನೀಲಿ ಕೇಳಿ ಬೆಳೆದೋರು. ಇದರ ಥರದ್ದು ಇನ್ನೇನಿದೆ ಅಂತ ಅವರು ಆ್ಯಪ್‌ನ ಪಾಡಿಗೆ ಬಿಟ್ರೆ ಸಾಮಾನ್ಯವಾಗಿ ಸಿಗೋದು ಅಶ್ವತ್ಥ್ ಹಾಡಿರೋ ಬೇರೆ ಭಾವಗೀತೆಗಳು, ಆಮೇಲೆ ಇನ್ನೊಂದಿಷ್ಟು ಭಾವಗೀತೆ, ಆಮೇಲೆ ಹಳೇ ಸಿನಿಮಾ ಹಾಡು. ಲೆಕ್ಕದ ಪ್ರಕಾರ ಸರಿಯಾಗೇ ಇದೆ, ಅದನ್ನ ಕೇಳಿದೋರು ಇದನ್ನೂ ಕೇಳಿದಾರೆ.

ಇದೇ ಪ್ರಶ್ನೆಯನ್ನ ಬೇರೆ ಬೇರೆ ಥರದ ಸಂಗೀತ ಕೇಳೋರು ಇರೋ ಒಂದು ಆನ್‌ಲೈನ್ ಗುಂಪಿನಲ್ಲಿ ಕೇಳಿದ್ರೆ ಉತ್ತರ ಬೇರೆ ದಿಕ್ಕಿನಿಂದ ಬರುತ್ತೆ. ಆ ಹಾಡಿನ ಮಜಾ ಇರೋದು ಆಡು ಆನೆಯನ್ನ ನುಂಗೋ, ಗೋಡೆ ಸುಣ್ಣವನ್ನ ನುಂಗೋ ಆ ತಲೆಕೆಳಗಾದ ಮಾತಲ್ಲಿ. ಅಲ್ಲಮನ ಬೆಡಗಿನ ವಚನಗಳಲ್ಲಿ ಇರೋದು ಅದೇ, ಉತ್ತರದಲ್ಲಿ ಕಬೀರನ ಹೆಸರಲ್ಲಿ ಹಾಡೋ ಉಲಟ್‌ಬಾಂಸಿ ಪದಗಳಲ್ಲಿ ಇರೋದೂ ಅದೇ. ಹಂಗಾಗಿ ಗೊತ್ತಿರೋ ಒಬ್ರು ‘ಕುಮಾರ ಗಂಧರ್ವರು ಹಾಡಿರೋ ಕಬೀರನ ನಿರ್ಗುಣಿ ಭಜನ್ ಕೇಳಿ’ ಅಂತಾರೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಸುಳೇಭಾವಿಲಿ, ಕ್ಷಯ ಆಗಿ ಹವೆ ಬದಲಾವಣೆಗೆ ಅಂತ ಮಧ್ಯಪ್ರದೇಶದ ಮಾಳ್ವ ಪ್ರಾಂತ್ಯದ ದೇವಾಸಕ್ಕೆ ಹೋಗಿ ಅಲ್ಲೇ ಉಳಿದು, ಆ ಕಡೆಯ ಜನಪದ ಹಾಡುಗಳನ್ನ ಮಲಗಿದ್ದಲ್ಲೇ ಕೇಳಿ ಕೇಳಿ ತಮ್ಮ ಗಾಯನವನ್ನೇ ಬದಲಾಯಿಸ್ಕೊಂಡೋರು. ಇನ್ನೊಬ್ರು ಬಂದು ‘ಅದು ಶಾಸ್ತ್ರೀಯ ಆಯ್ತು, ಅದೇ ಮಾಳ್ವದ ಪ್ರಹ್ಲಾದ್ ಸಿಂಗ್ ತಿಪಾನಿಯಾ ತಂಬೂರಿ ಹಿಡ್ಕೊಂಡು ಹಾಡೋದು ಕೇಳಿ, ನಮ್ಮ ಭಜನಾ ಮೇಳದೋರೇ ಹಿಂದಿಲಿ ಹಾಡ್ದಂಗಿರುತ್ತೆ’ ಅಂತಾರೆ. ಮತ್ತೊಬ್ಬ ಹುಡುಗ ‘ನಂಗೆ ಶರೀಫರು ಗೊತ್ತಾಗಿದ್ದೇ ರಘು ದೀಕ್ಷಿತ್ ಗುಡುಗುಡಿಯ ಸೇದಿ ನೋಡೋ ಹಾಡಿದ ಮೇಲೆ’ ಅಂತ ಉಲ್ಟಾ ದಾರಿ ತೋರಿಸ್ತಾನೆ. ಭಾವಗೀತೆಯಿಂದ ಹಿಂದೂಸ್ತಾನಿಗೆ, ಅಲ್ಲಿಂದ ಮಾಳ್ವದ ಜನಪದಕ್ಕೆ, ಅಲ್ಲಿಂದ ಫೋಕ್ ರಾಕ್‌ಗೆ, ಹತ್ತು ನಿಮಿಷದಲ್ಲಿ.

ಲಯದ ವೇಗ ಅಳೆದ್ರೆ ಈ ನಾಲ್ಕರಲ್ಲಿ ಒಂದಕ್ಕೊಂದು ಸಂಬಂಧ ಇಲ್ಲ. ಸಂಬಂಧ ಇರೋದು ಅರ್ಥದಲ್ಲಿ, ಇತಿಹಾಸದಲ್ಲಿ, ಆ ಹಾಡುಗಳ ಹುಚ್ಚು ಹತ್ತಿಸ್ಕೊಂಡ ಜನರ ತಲೇಲಿ.

ಅರ್ಥ ಬಿಡಿ, ಬರೀ ಸ್ವರದ ವಿಷಯದಲ್ಲೂ ಹಿಂಗೇ ಆಗೋದುಂಟು. ಬ್ಲೂಸ್ ಕೇಳೋ ಹುಡುಗನಿಗೆ ಕರ್ನಾಟಕ ಸಂಗೀತ ಬಲ್ಲೋರು ಯಾರಾದ್ರೂ ‘ಶುದ್ಧ ಧನ್ಯಾಸಿ ಕೇಳು’ ಅಂದ್ರೆ ಅದು ಹುಡುಗಾಟ ಅಲ್ಲ. ಬ್ಲೂಸ್ ಗಿಟಾರಿನ ಮೊದಲ ಪಾಠದಲ್ಲಿ ಹೇಳಿಕೊಡೋ ಐದು ಸ್ವರದ ಸ್ಕೇಲೇ ಹೆಚ್ಚುಕಮ್ಮಿ ಶುದ್ಧ ಧನ್ಯಾಸಿ, ಹಿಂದೂಸ್ತಾನಿಲಿ ಧಾನಿ. ಮೈಸೂರು ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರ ‘ಹಿಮಗಿರಿ ತನಯೇ’ ಇದೇ ರಾಗದ್ದು. ಅಲ್ಲಿಂದ ಮಾಲಿ ದೇಶದ ಅಲಿ ಫರ್ಕಾ ಟೂರೆ ಗಿಟಾರಿಗೆ ಹೋದ್ರೆ ಕಿವಿಗೆ ಎಲ್ಲೂ ಎಡವಿದಂಗೆ ಆಗಲ್ಲ. ಗಮಕ ಬೇರೆ, ನಡೆ ಬೇರೆ, ಅದನ್ನ ಒಪ್ಕೊಂಡೇ ಹೇಳ್ತಿರೋದು.

ಸರಿ, ಯಂತ್ರದ ಪರವಾಗಿ ಒಂದು ಮಾತು ಹೇಳ್ಲೇಬೇಕು. ಸಾಕಷ್ಟು ಜನ ಶರೀಫರನ್ನೂ ಕಬೀರನನ್ನೂ ಒಟ್ಟೊಟ್ಟಿಗೆ ಕೇಳೋಕೆ ಶುರು ಮಾಡಿದ್ರೆ ಯಂತ್ರಾನೂ ಆ ಜೋಡಿಯನ್ನ ಕಲಿತುಬಿಡುತ್ತೆ. ಆದ್ರೆ ಗಮನಿಸಿ, ಮೊದಲು ಯಾರೋ ಒಬ್ರು ಆ ಕಡೆಯಿಂದ ಈ ಕಡೆಗೆ ದಾಟಿರಬೇಕು. ಎಲ್ಲರೂ ಆಟೊಪ್ಲೇ (ಒಂದು ಹಾಡು ಮುಗಿದ್ರೆ ಮುಂದಿನದನ್ನ ಆ್ಯಪೇ ಹಾಕೋದು) ಹಾಕಿಟ್ಟು ಕೂತ್ರೆ ಹೊಸದಾಗಿ ದಾಟೋರು ಕಮ್ಮಿ ಆಗ್ತಾರೆ, ಯಂತ್ರ ಹಳೇ ದಾರೀನೇ ಸವೆಸುತ್ತೆ. ಸೇತುವೆ ಕಟ್ಟೋದು ಕೇಳುಗರು, ಟೋಲ್ ಎತ್ತೋದು ಆ್ಯಪು.

ಕನ್ನಡದ ಹಾಡಿಗೆ ಚೀಟಿ ಅಂಟಿಸೋರು ಯಾರು?

ಇಂಗ್ಲಿಷ್ ಪಾಪ್‌ಗೆ ಇಲ್ಲದ ಒಂದು ಎಕ್ಸ್‌ಟ್ರಾ ಸಮಸ್ಯೆ ನಮಗಿದೆ. ಆ್ಯಪ್ ಲೋಕದಲ್ಲಿ ಹಾಡು ಅಂದ್ರೆ ಮುಖ್ಯವಾಗಿ ಆರ್ಟಿಸ್ಟ್, ಆಲ್ಬಂ, ಟೈಟಲ್ ಅನ್ನೋ ಮೂರು ಚೀಟಿ. ಭಾವಗೀತೆಗೆ ಈ ಮೂರು ಸಾಲಲ್ಲ. ಬೇಂದ್ರೆ ಹಾಡು ಬೇಕು, ಕೆ.ಎಸ್.ನ. ಹಾಡು ಬೇಕು ಅಂತಾನೇ ಕನ್ನಡದೋರು ಕೇಳೋದು, ಹಾಡಿದೋರು ಆಮೇಲೆ. ಕವಿಯ ಹೆಸರು ಹಾಕಿದ್ರೆ ಹಾಕಿದ್ರು, ಇಲ್ಲಾಂದ್ರೆ ಇಲ್ಲ. ಶಾಸ್ತ್ರೀಯದಲ್ಲಿ ರಾಗ, ತಾಳ, ರಚನೆಕಾರರ ಹೆಸರೆಲ್ಲ ಒಂದೇ ಟೈಟಲ್ಲಿನೊಳಗೆ ಗೋಣಿಚೀಲಕ್ಕೆ ತುರುಕಿದಂಗೆ ತುರುಕಿರ್ತಾರೆ. ಅದರ ಮೇಲೆ ಇಂಗ್ಲಿಷ್ ಅಕ್ಷರದ ಸ್ಪೆಲಿಂಗು ಬೇರೆ. ಶರೀಫ ಅನ್ನೋ ಒಂದು ಹೆಸರನ್ನೇ ಎಷ್ಟು ಥರ ಬರೀಬಹುದು ಲೆಕ್ಕ ಹಾಕಿ, ಒಂದೊಂದು ಸ್ಪೆಲಿಂಗಿಗೂ ಯಂತ್ರದ ಕಣ್ಣಿಗೆ ಒಬ್ಬೊಬ್ಬ ಬೇರೆ ಮನುಷ್ಯ ಕಾಣೋ ಸಾಧ್ಯತೆ ಇದೆ, ಆಗ ಎಲ್ಲ ಸೇರಿದ್ರೆ ದೊಡ್ಡದಾಗ್ತಿದ್ದ ಕೇಳುಗರ ಸಂಖ್ಯೆ ಹಂಚಿಹೋಗಿ ಪ್ರತಿಯೊಂದೂ ಸಣ್ಣದಾಗಿಬಿಡುತ್ತೆ. ಮೊದಲೇ ಕಮ್ಮಿ ಡೇಟಾ, ಅದೂ ಚೂರು ಚೂರು.

ಹಂಗಾಗಿ ತತ್ವಪದ, ದಾಸರ ಪದ, ಡೊಳ್ಳಿನ ಹಾಡು, ಹಳ್ಳಿ ಮೇಳದ ರೆಕಾರ್ಡಿಂಗು, ಇವೆಲ್ಲ ಈಗ್ಲೂ ಬಾಯಿಂದ ಬಾಯಿಗೇ ಹರಡ್ತಿರೋದು. ಬಾಯಿ ಜಾಗಕ್ಕೆ ವಾಟ್ಸಾಪು, ಟೆಲಿಗ್ರಾಂ ಬಂದಿದೆ ಅಷ್ಟೇ.

ಪಾಯಸದ ಹಂಡೆ ಮತ್ತು ಸುಳ್ಳು ಎಲೆಗಳು

ಇಲ್ಲಿಂದ ದುಡ್ಡಿನ ವಿಷಯ, ಸ್ವಲ್ಪ ನಿಧಾನಕ್ಕೆ ಓದ್ಕೊಳ್ಳಿ, ಯಾಕಂದ್ರೆ ಎಐ ಗಲಾಟೆಯ ಬೇರು ಇಲ್ಲೇ ಇರೋದು.

ನೀವು ಕಟ್ಟೋ ತಿಂಗಳ ದುಡ್ಡು ನೀವು ಕೇಳಿದ ಗಾಯಕರಿಗೇ ನೇರವಾಗಿ ಹೋಗುತ್ತೆ ಅಂದ್ಕೊಂಡಿದ್ರೆ, ಸಾಮಾನ್ಯವಾಗಿ ಹಂಗಾಗಲ್ಲ. ಎಲ್ಲರ ದುಡ್ಡೂ ಒಂದು ಹಂಡೆಗೆ ಬೀಳುತ್ತೆ, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಪಾಯಸ ಅವರ ಎಲೆಗೆ. 30 ಸೆಕೆಂಡ್ ಓಡಿದ್ರೆ ಒಂದು ಕೇಳಿಕೆ. ಎರಡು ನಿಮಿಷದ ಟ್ರ್ಯಾಕಿಗೂ ಒಂದು, ಮಲ್ಲಿಕಾರ್ಜುನ ಮನ್ಸೂರರು ಅರ್ಧ ಗಂಟೆ ಹಾಡಿರೋ ರಾಗಕ್ಕೂ ಒಂದೇ. (ಹಳೇ 78 ಆರ್‌ಪಿಎಂ ತಟ್ಟೆಗಳ ಕಾಲದಲ್ಲೂ ರಾಗವನ್ನ ಮೂರು ಚಿಲ್ಲರೆ ನಿಮಿಷಕ್ಕೆ ಕತ್ತರಿಸ್ತಿದ್ರು, ಸಂಗೀತಕ್ಕೆ ಈ ಕತ್ತರಿ ಹೊಸದೇನಲ್ಲ.) 2024ರಿಂದ ಸ್ಪಾಟಿಫೈ ಇನ್ನೊಂದು ರೂಲ್ ತಂತು, ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸ್ಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಚಿಲ್ಲರೆ ದುಡ್ಡು ಹಂಚೋ ಖರ್ಚೇ ಜಾಸ್ತಿ, ಸ್ಪ್ಯಾಮ್ ಹಾಡು ಹಾಕೋರಿಗೆ ಕಡಿವಾಣ ಬೇಕು ಅನ್ನೋದು ಕಂಪನಿ ವಾದ. ಕಡಿವಾಣ ಸಾವಿರ ದಾಟದ ತತ್ವಪದದೋರಿಗೂ ಬಿತ್ತು.

ಪಂಕ್ತಿಲಿ ಎಲೆ ಎಣಿಸಿ ಪಾಯಸ ಬಡಿಸ್ತಾರೆ ಅಂದ್ಮೇಲೆ ಸುಳ್ಳು ಎಲೆ ಹಾಕೋರು ಬಂದೇ ಬರ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಒಬ್ಬ ವ್ಯಕ್ತಿ ಮೇಲೆ ಅಲ್ಲಿನ ಸರ್ಕಾರಿ ವಕೀಲರು ಹೊರಿಸಿದ ಆರೋಪ ಇದೇ, ಲಕ್ಷಾಂತರ ಎಐ ಹಾಡು ಅಪ್‌ಲೋಡ್ ಮಾಡಿ, ಅವನ್ನ ಕೇಳೋಕೆ ಬಾಟ್‌ಗಳನ್ನ (ಮನುಷ್ಯರ ಥರ ನಟಿಸೋ ಪ್ರೋಗ್ರಾಂಗಳನ್ನ) ಬಿಟ್ಟು, 1 ಕೋಟಿ ಡಾಲರಿಗೂ ಹೆಚ್ಚು ರಾಯಲ್ಟಿ ಎತ್ತಿದ್ರು ಅಂತ. ಹಾಡು ಮಾಡಿದ್ದೂ ಯಂತ್ರ, ಕೇಳಿದ್ದೂ ಯಂತ್ರ, ಪಾಯಸ ಮಾತ್ರ ನಿಜವಾದ ಹಾಡುಗಾರರ ಎಲೆಯಿಂದ ಹೋಗಿದ್ದು.

ಎಐ ಇಲ್ಲದೇನೂ ಇದರ ಸಣ್ಣ ತಮ್ಮ ಒಬ್ಬ ಇದಾನೆ. ಸ್ವೀಡನ್ನಿನ ಪತ್ರಿಕೆಯೊಂದು 2024ರಲ್ಲಿ ಬಯಲು ಮಾಡಿದ ಪ್ರಕಾರ ಯೋಹಾನ್ ರೋರ್ ಅನ್ನೋ ಒಬ್ಬ ಸಂಗೀತಗಾರ 650ಕ್ಕೂ ಹೆಚ್ಚು ಹೆಸರಲ್ಲಿ ಹಾಡು ಬಿಟ್ಟು 1,500 ಕೋಟಿ ಕೇಳಿಕೆ ಗಳಿಸಿದ್ರು, ಹೆಚ್ಚಿನದೆಲ್ಲ ನಿದ್ದೆಗೆ, ಓದೋದಕ್ಕೆ ಅಂತ ಮಾಡಿರೋ ಪ್ಲೇಲಿಸ್ಟ್‌ಗಳಲ್ಲಿ. ಕಾನೂನು ಮುರಿದಿಲ್ಲ ಬಿಡಿ. ಆದ್ರೆ ‘ಹೊಸ ಕಲಾವಿದರನ್ನ ಪರಿಚಯ ಮಾಡ್ಕೊಂಡೆ’ ಅಂತ ಖುಷಿಪಟ್ಟ ಎಷ್ಟೋ ಜನ ಒಬ್ಬನನ್ನೇ ನೂರಾರು ಸಲ ಪರಿಚಯ ಮಾಡ್ಕೊಂಡಿದ್ರು.

ದಿನಕ್ಕೆ 50 ಸಾವಿರ

ಸ್ಪಾಟಿಫೈ ಥರದ್ದೇ ಹಾಡಿನ ಆ್ಯಪ್ ನಡೆಸೋ ಫ್ರಾನ್ಸಿನ ಡೀಜರ್ ಕಂಪನಿ ಈ ವಿಷಯದಲ್ಲಿ ಲೆಕ್ಕ ಬಹಿರಂಗವಾಗಿ ಕೊಡುತ್ತೆ. 2025ರ ಜನವರಿಲಿ ಅವರಿಗೆ ದಿನಕ್ಕೆ ಬರ್ತಿದ್ದ ಪೂರ್ತಿ ಎಐ ಹಾಡು ಸುಮಾರು 10 ಸಾವಿರ, ಏಪ್ರಿಲ್‌ನಲ್ಲಿ 20 ಸಾವಿರ, ನವೆಂಬರ್ ಹೊತ್ತಿಗೆ 50 ಸಾವಿರ, ಅಂದ್ರೆ ಬರೋ ಹಾಡುಗಳಲ್ಲಿ ಶೇ. 34. ಅದೇ ಡೀಜರ್ 2025ರಲ್ಲಿ ಹೇಳಿದ್ದು, ಒಟ್ಟು ಕೇಳಿಕೆಯಲ್ಲಿ ಇವುಗಳ ಪಾಲು ಶೇ. 0.5ರ ಆಸುಪಾಸು, ಅದ್ರಲ್ಲೂ ಶೇ. 70ರವರೆಗೆ ಮೋಸದ ಕೇಳಿಕೆ. ಇವೆರಡನ್ನೂ ಒಟ್ಟಿಗೆ ಓದ್ಬೇಕು. ಎಐ ಹಾಡನ್ನ ಜನ ಮುಗಿಬಿದ್ದು ಕೇಳ್ತಿದಾರೆ ಅನ್ನೋದು ಇನ್ನೂ ನಿಜ ಆಗಿಲ್ಲ. ಮುಗಿಬಿದ್ದು ಅಪ್‌ಲೋಡ್ ಮಾಡ್ತಿದಾರೆ ಅನ್ನೋದು ನಿಜ. ಸ್ಪಾಟಿಫೈ ಕೂಡ ಒಂದು ವರ್ಷದಲ್ಲಿ 7.5 ಕೋಟಿ ಸ್ಪ್ಯಾಮ್ ಟ್ರ್ಯಾಕ್ ಕಿತ್ತುಹಾಕಿದೀವಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಹೇಳ್ತು.

ಕೇಳಿ ಪತ್ತೆ ಮಾಡ್ತೀವಿ ಬಿಡಿ ಅನ್ನೋ ಧೈರ್ಯ ಬೇಡ. ಎಂಟು ದೇಶದ 9,000 ಜನರನ್ನ ಇಟ್ಕೊಂಡು ಡೀಜರ್ ಮಾಡಿಸಿದ ಸಮೀಕ್ಷೆಲಿ ಶೇ. 97 ಜನಕ್ಕೆ ಎಐ ಹಾಡು ಯಾವ್ದು, ಮನುಷ್ಯರದ್ದು ಯಾವ್ದು ಅಂತ ಹೇಳೋಕೆ ಆಗ್ಲಿಲ್ಲ. ಕಿವಿಯಿಂದ ಗೊತ್ತಾಗಲ್ಲ ಅಂದ್ರೆ ಉಳಿಯೋದು ಒಂದೇ ಪ್ರಶ್ನೆ, ಇದನ್ನ ಹೇಳಿದೋರು ಯಾರು? ಗುಂಪಲ್ಲಿ ಒಬ್ರು ‘ಈ ಬ್ಯಾಂಡನ್ನ ಬೆಂಗಳೂರಿನ ಶೋನಲ್ಲಿ ಕೇಳಿದೆ, ಮೂರನೇ ಹಾಡಿಂದ ಶುರು ಮಾಡಿ’ ಅಂದ್ರೆ ಆ ಮಾತಲ್ಲಿ ಎರಡು ಗ್ಯಾರಂಟಿ ಇದೆ, ಹಾಡಿದೋರು ಇದಾರೆ, ಕೇಳಿದೋರೂ ಇದಾರೆ. ಮೊದಲು ಇದಕ್ಕೆ ಬೆಲೆ ಇರ್ಲಿಲ್ಲ, ಯಾಕಂದ್ರೆ ಅನುಮಾನಾನೇ ಇರ್ಲಿಲ್ಲ. ಸ್ಪಾಟಿಫೈ ಮೆಸೇಜ್ ವಾಪಸ್ ತಂದಿದ್ದಕ್ಕೆ ಕಾರಣ ಹುಡುಕೋದಾದ್ರೆ ನನ್ನ ಪ್ರಕಾರ ಇದೇ ಹಿನ್ನೆಲೇಲಿ ಹುಡುಕ್ಬೇಕು.

ಯಾರು ಏನಂತಾರೆ

ಕಂಪನಿಗಳ ವಾದ: ಆಯ್ಕೆ ಕೇಳುಗರದ್ದು, ನಾವು ಪೊಲೀಸ್ ಅಲ್ಲ, ಮೋಸ ಮಾಡಿದ್ರೆ ತೆಗೀತೀವಿ, ಎಐ ಅನ್ನೋದು ಗಿಟಾರ್ ಪೆಡಲ್ ಥರ ಒಂದು ಉಪಕರಣ, ಯಾರು ಎಷ್ಟು ಬಳಸಿದ್ರು ಅಂತ ಕ್ರೆಡಿಟ್ಸ್‌ನಲ್ಲಿ ಬರೆಯೋ ವ್ಯವಸ್ಥೆ ತರ್ತೀವಿ. ಡೀಜರ್ ಒಂದು ಹೆಜ್ಜೆ ಮುಂದೆ ಹೋಗಿ 2025ರ ಜೂನ್‌ನಿಂದ ಎಐ ಆಲ್ಬಂಗಳಿಗೆ ಲೇಬಲ್ ಅಂಟಿಸ್ತಿದೆ, ಸಜೆಸ್ಟ್ ಮಾಡೋ ಪಟ್ಟಿಯಿಂದ್ಲೂ ಹೊರಗಿಡ್ತಿದೆ. ಕಲಾವಿದರು ಕೇಳೋದು ಬೇರೆ ಪ್ರಶ್ನೆ. ನಮ್ಮ ದನಿ ಕದಿಯೋದು ಯಾಕೆ ತಪ್ಪಲ್ಲ ಅಂತ. 2024ರ ಜುಲೈನಲ್ಲಿ ಅರಿಜಿತ್ ಸಿಂಗ್ ದನಿಯನ್ನ ಎಐಲಿ ನಕಲು ಮಾಡೋ ಸೈಟುಗಳಿಗೆ ಬಾಂಬೆ ಹೈಕೋರ್ಟ್ ತಡೆ ಕೊಡ್ತು. ಎಸ್‌ಪಿಬಿ ದನಿಯನ್ನ ಒಪ್ಪಿಗೆ ಇಲ್ದೆ ತೆಲುಗು ಸಿನಿಮಾದಲ್ಲಿ ಬಳಸಿದಾರೆ ಅಂತ ಅವರ ಮನೆಯೋರು ಲೀಗಲ್ ನೋಟಿಸ್ ಕಳಿಸಿದ್ದೂ ಅದೇ ವರ್ಷ ಸುದ್ದಿ ಆಯ್ತು.

ಇನ್ನು ಸಣ್ಣ ಬ್ಯಾಂಡ್‌ಗಳಿಗೆ ಸ್ಪಾಟಿಫೈನ ಡಿಸ್ಕವರಿ ಮೋಡ್ ಮೇಲೆ ಸಿಟ್ಟು. 2020ರಲ್ಲಿ ಘೋಷಣೆ ಆದ ಈ ಸ್ಕೀಮಲ್ಲಿ ಕಲಾವಿದರು ಕಮ್ಮಿ ರಾಯಲ್ಟಿಗೆ ಒಪ್ಕೊಂಡ್ರೆ ರೇಡಿಯೊ, ಆಟೊಪ್ಲೇನಲ್ಲಿ ಆ ಹಾಡು ಮುಂದೆ ಬರೋ ಸಾಧ್ಯತೆ ಜಾಸ್ತಿ. ಮುಂಗಡ ದುಡ್ಡು ಬೇಡ, ಇಷ್ಟ ಇದ್ದೋರು ಮಾತ್ರ ಸೇರಿ ಅಂತ ಕಂಪನಿ, ಎಲ್ಲರೂ ಸೇರಿದ್ಮೇಲೆ ಸೇರದೋರ ಗತಿ ಏನು ಅಂತ ಇವರು. ಕೇಳುಗನಿಗಂತೂ ಈ ಹಾಡು ನನ್ನ ಟೇಸ್ಟಿಗೆ ಬಂತೋ ರಿಯಾಯಿತಿಗೆ ಬಂತೋ ಗೊತ್ತಾಗಲ್ಲ.

ಜನ ಹೇಳೋದೆಲ್ಲ ಸಾಚಾ ಅಂತೇನಿಲ್ಲ

ಹಂಗಂತ ಮನುಷ್ಯರು ಹೇಳಿದ್ದೆಲ್ಲ ಅಮೃತ ಅಂತಲ್ಲ. ಯಾವುದೇ ಗುಂಪಿಗೆ ಹೋಗಿ, ಒಳ್ಳೆ ರಾಕ್ ಬ್ಯಾಂಡ್ ಹೇಳಿ ಅಂದ್ರೆ ಅದೇ ಪಿಂಕ್ ಫ್ಲಾಯ್ಡ್, ಒಳ್ಳೆ ಕನ್ನಡ ಹಾಡು ಅಂದ್ರೆ ಅದೇ ಹತ್ತು ಸಿನಿಮಾ. ಸ್ಟಾರ್ ಫ್ಯಾನ್ಸ್ ಬಂದ್ರೆ ಸಂಗೀತದ ಮಾತು ಐದೇ ನಿಮಿಷಕ್ಕೆ ಓಪನಿಂಗ್ ಕಲೆಕ್ಷನ್ ಮಾತಾಗುತ್ತೆ. ಶಾಸ್ತ್ರೀಯದೋರು ಕೆಲವ್ರು ರ‍್ಯಾಪ್ ಹೆಸರೆತ್ತಿದ್ರೆ ಮೂಗು ಮುರೀತಾರೆ, ಮೆಟಲ್ ಹುಡುಗರು ಭಾವಗೀತೆ ಅಂದ್ರೆ ಆಕಳಿಸ್ತಾರೆ. ತಮ್ಮದೇ ಹಾಡನ್ನ ‘ಯಾರೋ ಚೆನ್ನಾಗಿ ಹಾಡಿದಾರೆ ನೋಡಿ’ ಅಂತ ಬೇರೆ ಹೆಸರಲ್ಲಿ ತಳ್ಳೋರೂ ಇದಾರೆ. ಯಂತ್ರಕ್ಕೆ ಕನಿಷ್ಠ ಜಾತಿ, ಊರು, ಡಿಗ್ರಿ ನೋಡಿ ‘ನಿಂಗೆ ಇದೆಲ್ಲ ಅರ್ಥ ಆಗಲ್ಲ’ ಅನ್ನೋ ಕೊಬ್ಬಿಲ್ಲ.

ಗುಂಪು ಚೆನ್ನಾಗಿ ನಡೆಯೋದು ಕೊಡು-ಕೊಳ್ಳು ಇದ್ದಾಗ. ಕೇಳಿದೋರು ತಮಗೆ ಇಷ್ಟವಾದ ಎರಡು ಹಾಡು ಹೇಳಿ, ಅದರಲ್ಲಿ ಏನು ಇಷ್ಟ ಅಂತಾನೂ ಹೇಳಿದ್ರೆ (ತಬಲಾನಾ, ಸಾಹಿತ್ಯಾನಾ, ದನಿ ಒಡೆಯೋ ಆ ಒಂದು ಜಾಗಾನಾ) ಉತ್ತರ ಕೊಡೋರಿಗೆ ಹಿಡಿಯೋಕೆ ಒಂದು ಎಳೆ ಸಿಗುತ್ತೆ. ಬರೀ ‘ಒಳ್ಳೆದು ಹೇಳಿ’ ಅಂದ್ರೆ ಸಿಗೋದು ಪಿಂಕ್ ಫ್ಲಾಯ್ಡೇ.

ಮುಂದೇನಾಗ್ಬಹುದು

ಒಂದು ಕಡೆ ಆ್ಯಪ್‌ಗಳು ಬಾಗಿಲು ಹಾಕ್ತಿವೆ. 2024ರ ನವೆಂಬರ್ 27ಕ್ಕೆ ಸ್ಪಾಟಿಫೈ ಹೊರಗಿನ ಡೆವಲಪರ್‌ಗಳ ಹೊಸ ಆ್ಯಪ್‌ಗಳಿಗೆ ಕೆಲವು ಡೇಟಾ ಕೊಡೋದನ್ನ ನಿಲ್ಲಿಸ್ತು, ಒಬ್ಬ ಕಲಾವಿದನ ಹತ್ತಿರದ ಕಲಾವಿದರು ಯಾರು, ಹಾಡಿನ ಲಯ ಎಷ್ಟು, ಇಂಥವು. ಭದ್ರತೆ ಅಂತ ಕಾರಣ ಕೊಟ್ರು. ಸಂಗೀತದ ಹುಚ್ಚಿನ ಹುಡುಗರು ಬಿಡುವಲ್ಲಿ ಕೂತು ಮಾಡ್ತಿದ್ದ ಹಾಡು ಹುಡುಕೋ ಸಣ್ಣ ಸಣ್ಣ ಟೂಲ್‌ಗಳಿಗೆ ಪೆಟ್ಟು ಬಿದ್ದಿದ್ದಂತೂ ಹೌದು. ಇನ್ನೊಂದು ಕಡೆ ಮೆಸೇಜ್ ಕೊಟ್ಟು ಜನರ ಮಾತುಕತೆಯನ್ನ ಒಳಗೆ ಕರ್ಕೊಳ್ತಿವೆ. ಎರಡನ್ನೂ ಸೇರಿಸಿ ನೋಡಿದ್ರೆ ದಿಕ್ಕು ಗೊತ್ತಾಗುತ್ತೆ, ಹಾಡಿನ ಬಗ್ಗೆ ಮಾತಾಡ್ಬೇಕಾ, ನಮ್ಮ ಅಂಗಳದಲ್ಲೇ ಮಾತಾಡಿ. ಯಾರು ಯಾರಿಗೆ ಯಾವ ಹಾಡು ಕಳಿಸಿದ್ರು ಅನ್ನೋದು ಕಿರಾಣಿ ಲೆಕ್ಕದವನಿಗೆ ಚಿನ್ನದಂಥ ಮಾಹಿತಿ.

ಅಂಗಳದ ತೊಂದ್ರೆ ಅಂದ್ರೆ ಮನೆ ಯಾವಾಗ ಖಾಲಿ ಮಾಡಿಸ್ತಾರೋ ಗೊತ್ತಿಲ್ಲ. ಇಂಡಿಯಾದಲ್ಲಿ ರೆಸ್ಸೊ ಅನ್ನೋ ಹಾಡಿನ ಆ್ಯಪ್ 2024ರ ಜನವರಿ ಕೊನೆಗೆ ಮುಚ್ತು, ಅದೇ ವರ್ಷ ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಮುಚ್ಚೋ ಸುದ್ದಿ ಬಂತು, ಗಾನಾ 2022ರಲ್ಲೇ ದುಡ್ಡು ಕೊಟ್ಟೋರಿಗೆ ಮಾತ್ರ ಅಂತಾಯ್ತು. ಒಂದೊಂದು ಮುಚ್ಚಿದಾಗ್ಲೂ ಜನ ವರ್ಷಗಟ್ಟಲೆ ಒಬ್ಬರಿಗೊಬ್ಬರು ಕಳಿಸಿದ್ದ ಲಿಂಕ್‌ಗಳು ಸಾಯ್ತವೆ. ಒಂದು ಆ್ಯಪಿನ ಲಿಂಕು ಇನ್ನೊಂದರಲ್ಲಿ ತೆರೆಯಲ್ಲ, ಅದು ಗೊತ್ತಿರೋದೇ.

ಹಾಗಾಗಿ ಹಳೇ ಗುಂಪುಗಳಲ್ಲಿ ಪಳಗಿದೋರು ಲಿಂಕ್ ಒಂದನ್ನೇ ಎಸೆದು ಹೋಗಲ್ಲ, ಹಾಡಿನ ಮೊದಲ ಸಾಲು, ಬರೆದೋರು, ಹಾಡಿದೋರು, ಎಷ್ಟನೇ ನಿಮಿಷದಲ್ಲಿ ಏನಾಗುತ್ತೆ ಅಂತ ಕನ್ನಡದಲ್ಲೇ ಟೈಪ್ ಮಾಡಿರ್ತಾರೆ. ‘ಕೋಡಗನ್ನ ಕೋಳಿ ನುಂಗಿತ್ತ, ಶರೀಫರದ್ದು, ಅಶ್ವತ್ಥ್ ಹಾಡಿದ್ದು ಆಮೇಲೆ ಕೇಳಿ, ಮೊದ್ಲು ಹಾವೇರಿ ಕಡೆ ಭಜನಾ ಮೇಳದೋರು ಹಾಡೋದು ಕೇಳಿ, ದಮ್ಮಡಿ ಶುರು ಆಗೋವರೆಗೂ ಕಾಯ್ರಿ’ ಅಂತ ಒಂದು ಸಾಲು ಸಿಕ್ರೆ, ಲಿಂಕ್ ಸತ್ತಿದ್ರೂ ಹುಡುಕೋನು ಎಲ್ಲಿಂದಾದ್ರೂ ಹುಡುಕ್ಕೋತಾನೆ.